ಫೈಲ್ ಕಣ್ಣೆದುರೇ ಇದೆ, ಆದರೆ ಇಲ್ಲವಂತೆ!

ಲಿನಕ್ಸಿನಲ್ಲಿ ಯಾವುದೋ ಪ್ರೋಗ್ರಾಮ್ ಶುರು ಮಾಡಲು ಹೋದರೆ, "ಶೇರ್ಡ್ ಲೈಬ್ರರಿ ತೆರೆಯಲು ಆಗಲಿಲ್ಲ, ಅಂಥ ಫೈಲೇ ಇಲ್ಲ" ಅನ್ನುತ್ತದೆ. ಶೇರ್ಡ್ ಲೈಬ್ರರಿ ಅಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡಿನ ಫೈಲ್. ಫೋಲ್ಡರಿನಲ್ಲಿ ಏನೇನಿದೆ ಅಂತ ತೋರಿಸುವ ಎಲ್‌ಎಸ್ ಕಮಾಂಡ್ ಹೊಡೆದು ನೋಡಿದರೆ ಫೈಲ್ ಅಲ್ಲೇ ಕೂತಿದೆ! ತಮಾಷೆ ಅಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎಲ್‌ಎಸ್ ತೋರಿಸಿದ್ದು ಸಿಂಬಾಲಿಕ್ ಲಿಂಕನ್ನು, ಅಂದರೆ ಬರೀ ವಿಳಾಸದ ಚೀಟಿ. ಆ ವಿಳಾಸದ ಮನೆ ಕೆಡವಿ ಎಷ್ಟು ಕಾಲವಾಯಿತೋ! ಇಂಥ ಲಿಂಕ್ ಮಾಡಿಕೊಡುವ ಎಲ್‌ಎನ್ ಕಮಾಂಡ್ ಆ ಕಡೆ ಫೈಲ್ ಇದೆಯಾ ಅಂತ ಕೇಳುವುದೇ ಇಲ್ಲ, ಹೇಳಿದ್ದನ್ನು ಸುಮ್ನೆ ಬರೆದುಕೊಳ್ಳುತ್ತದೆ. ಫೈಲ್ ಹುಡುಕುವ ಫೈಂಡ್ ಕಮಾಂಡಿಗೆ ಮೈನಸ್ ಎಕ್ಸ್‌ಟೈಪ್ ಎಲ್ ಕೊಟ್ಟರೆ ಇಂಥ ದಿಕ್ಕಿಲ್ಲದ ಲಿಂಕುಗಳ ಪಟ್ಟಿಯೇ ಬರುತ್ತದೆ. ಪಟ್ಟಿ ಉದ್ದ ಇದ್ದರೆ ಗಾಬರಿಯಾಗಬೇಡಿ, ಎಲ್ಲರ ಮನೆ ದೋಸೆಯೂ ತೂತೇ.

ಒಂದು ಲೈಬ್ರರಿಗೆ ಮೂರು ಹೆಸರು ಬೇರೆ. ಕೊನೆಯಲ್ಲಿ ಬರೀ ಡಾಟ್ ಎಸ್‌ಓ ಇರುವುದು ಪ್ರೋಗ್ರಾಮ್ ಕಟ್ಟುವಾಗ ಬೇಕು. ಡಾಟ್ ಎಸ್‌ಓ ಡಾಟ್ 1 ಅನ್ನುವುದು ಓಡುವಾಗ ಬೇಕು. ಇನ್ನೂ ಉದ್ದದ 1.2.3 ಇರುವುದೇ ನಿಜವಾದ ಫೈಲ್, ಉಳಿದೆರಡು ಲಿಂಕು. ನಮ್ಮ ಟೀಮಿನವರೊಬ್ಬರು ಇಡೀ ಫೋಲ್ಡರನ್ನು ಎಸ್‌ಸಿಪಿ ಕಮಾಂಡಿನಲ್ಲಿ ಇನ್ನೊಂದು ಮಷೀನಿಗೆ ಸಾಗಿಸಿದರು. ಎಸ್‌ಸಿಪಿಗೆ ಲಿಂಕು ಗಿಂಕು ಗೊತ್ತಿಲ್ಲ, ಹಿಂಬಾಲಿಸಿ ಹೋಗಿ ಒಳಗಿನದ್ದನ್ನೇ ಎತ್ತಿಕೊಂಡು ಬರುತ್ತದೆ. ಅಲ್ಲಿ ಹೋಗಿ ನೋಡಿದರೆ ಒಂದೇ ಲೈಬ್ರರಿಯ ಮೂರು ದಪ್ಪ ಪ್ರತಿಗಳು! ಲೈಬ್ರರಿಗಳ ಲಿಂಕು ನೋಡಿಕೊಳ್ಳುವ ಎಲ್‌ಡಿಕಾನ್ಫಿಗ್ ಕಮಾಂಡ್ "ಇದು ಸಿಂಬಾಲಿಕ್ ಲಿಂಕ್ ಅಲ್ಲ" ಅಂತ ಒಂದೇ ಸಮನೆ ಗೊಣಗಿತು. ಆಮೇಲೆ ಒಂದು ಪ್ರತಿಯನ್ನು ಅಪ್‌ಡೇಟ್ ಮಾಡಿ, ಪ್ರೋಗ್ರಾಮ್ ಇನ್ನೊಂದನ್ನು ಓದಿ, ಬಗ್ ಸರಿಹೋಗಲಿಲ್ಲ ಅಂತ ಮತ್ತೆ ಟಿಕೆಟ್ ಬಂತು. ಟಾರ್ ಕಮಾಂಡಿನಲ್ಲಿ ಒಂದೇ ಗಂಟು ಕಟ್ಟಿ ಕಳಿಸಿದ್ದರೆ ಲಿಂಕು ಲಿಂಕಾಗಿಯೇ ಹೋಗುತ್ತಿತ್ತು.

ಇನ್ನೊಂದು ಜನಪ್ರಿಯ ಮದ್ದಿದೆ. ಪ್ರೋಗ್ರಾಮ್ ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಷನ್ ಲೈಬ್ರರಿಯ 1.1 ವರ್ಷನ್ ಕೇಳುತ್ತಿದೆ, ನಮ್ಮ ಹತ್ತಿರ ಇರುವುದು 3. 3ಕ್ಕೆ 1.1 ಅಂತ ಲಿಂಕ್ ಕೊಟ್ಟುಬಿಟ್ಟರೆ ಆಯ್ತಲ್ವಾ? ಆಗಲ್ಲ. ಲೈಬ್ರರಿಗಳನ್ನು ಪ್ರೋಗ್ರಾಮಿಗೆ ಜೋಡಿಸುವ ಲೋಡರ್, ಹೆಸರು ನೋಡಿ ಒಳಗೆ ಬಿಟ್ಟುಕೊಂಡರೂ ಫೈಲಿನೊಳಗೆ ಹಳೆಯ ವರ್ಷನ್ನಿನ ಗುರುತು ಹುಡುಕುತ್ತದೆ, ಸಿಗದಿದ್ದರೆ ಅಲ್ಲಿಗೇ ಮಂಗಳ ಹಾಡುತ್ತದೆ. ಈ ಮದ್ದಿಗಿಂತ ರೋಗವೇ ವಾಸಿ, ಕನಿಷ್ಠ ಯಾವ ಲೈಬ್ರರಿ ಎಲ್ಲಿದೆ ಅಂತ ತೋರಿಸುವ ಎಲ್‌ಡಿಡಿ ಕಮಾಂಡ್ ಹೊಡೆದಾಗ "ಸಿಗಲಿಲ್ಲ" ಅಂತ ನಿಜ ಹೇಳುತ್ತದೆ.

ಲೈಬ್ರರಿ ಫೈಲನ್ನು ಅದರ ಜಾಗದಲ್ಲಿಟ್ಟು ಎಲ್‌ಡಿಕಾನ್ಫಿಗ್ ಓಡಿಸಿದರೆ ಅದೇ ಒಳಗಿನ ಹೆಸರು ಓದಿ ಲಿಂಕ್ ಮಾಡಿಕೊಳ್ಳುತ್ತದೆ. ಕೈಯಿಂದ ಮಾಡುವ ಚಟ ಯಾಕೋ ಜನರಿಗೆ ಹೋಗುವುದಿಲ್ಲ.

ಅದೇ ಚಟದಲ್ಲಿ ಯಾರಾದರೂ ಮೂಲ ಸಿ ಲೈಬ್ರರಿಯಾದ ಲಿಬ್‌ಸಿ ಡಾಟ್ ಎಸ್‌ಓ ಡಾಟ್ 6ನ್ನು ಎಂವಿ ಕಮಾಂಡಿನಲ್ಲಿ ಬೇರೆಡೆ ಸರಿಸಿದರೆ ಮಾತ್ರ ನೋಡುವ ಹಾಗಿರುತ್ತದೆ. ಎಲ್‌ಎಸ್ ಓಡಲ್ಲ, ನಕಲು ಮಾಡುವ ಸಿಪಿ ಓಡಲ್ಲ, ವಾಪಸ್ ತರೋಣ ಅಂದರೆ ಎಂವಿಯೂ ಓಡಲ್ಲ, ಎಲ್ಲಕ್ಕೂ ಅದೇ ಲೈಬ್ರರಿ ಬೇಕು. ಅಡ್ಮಿನ್ ಅಧಿಕಾರ ಕೊಡುವ ಸುಡೋ ಕೂಡ ಕೈಕೊಡುತ್ತದೆ. ಮೊದಲೇ ತೆರೆದಿದ್ದ ಶೆಲ್ಲಿನಲ್ಲಿ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ, ಅದರೊಳಗೇ ಇರುವ ಸಿಡಿ, ಎಕೋ ಥರದವು ಮಾತ್ರ ಬದುಕಿರುತ್ತವೆ. ಎಸ್‌ಎಲ್‌ಎನ್ ಅಂತ ಒಂದು ಪುಟ್ಟ ಕಮಾಂಡ್ ಇದ್ದರೆ ಬಚಾವ್. ಅದು ಯಾವ ಶೇರ್ಡ್ ಲೈಬ್ರರಿಯನ್ನೂ ನಂಬದೆ ಲಿಂಕ್ ಮಾಡಿಕೊಡುತ್ತದೆ. ಆದರೆ ರೂಟ್ ಶೆಲ್, ಅಂದರೆ ಅಡ್ಮಿನ್ ಅಧಿಕಾರದ ಶೆಲ್, ತೆರೆದೇ ಇರಬೇಕು, ಅದನ್ನು ಮುಚ್ಚಬೇಡಿ. "ಒಂದ್ಸಲ ರೀಬೂಟ್ ಮಾಡಿ ನೋಡೋಣ" ಅನ್ನುವವರನ್ನಂತೂ ಕೀಬೋರ್ಡಿನ ಹತ್ತಿರವೇ ಬಿಡಬೇಡಿ.