ಮದುವೆ ಫೋಟೋದಲ್ಲಿ ಎಲ್ಲರಿಗೂ ಕಾಮಾಲೆ

ಸ್ಟುಡಿಯೋದವರು 'ಲೈಫ್‌ಟೈಮ್ ಗ್ಯಾರಂಟಿ' ಅಂತ ಹೇಳುತ್ತಾರೆ, ಯಾರ ಲೈಫು ಅಂತ ಮಾತ್ರ ಹೇಳುವುದಿಲ್ಲ. ಅಕ್ಕನ ಮದುವೆ ಫೋಟೋದಲ್ಲಿ ಈಗ ಎಲ್ಲರ ಮುಖವೂ ಕಿತ್ತಳೆ. ಕೇಳಿದರೆ, "ಬಿಸಿಲಿಗೆ ಇಟ್ರಾ ಸರ್?" ನಡುಮನೆ ಗೋಡೆಗೆ ಎಲ್ಲಿಂದ ಬರಬೇಕು ಬಿಸಿಲು! ಹಾಕಿರುವುದು ಅಗ್ಗದ ಡೈ ಇಂಕು (ಬಣ್ಣ ದ್ರವದಲ್ಲೇ ಕರಗಿರುವ ಶಾಯಿ), ಅದೂ ತಕ್ಷಣ ಒಣಗಲಿ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಗ್ಲಾಸಿ ಪೇಪರಿನ ಮೇಲೆ. ಮುಂದೆ ಗಾಜು ಇಲ್ಲದಿದ್ದರೆ ಗಾಳಿಯಲ್ಲಿರುವ ಓಝೋನ್ ಆ ರಂಧ್ರಗಳಲ್ಲಿ ನುಗ್ಗಿ ಬಣ್ಣವನ್ನು ಒಡೆಯುತ್ತದೆ, ಸಾಮಾನ್ಯವಾಗಿ ಮೊದಲು ಹೋಗುವುದು ಸಯಾನ್, ಅಂದರೆ ಹಸಿರು ಮಿಶ್ರಿತ ನೀಲಿ. ಆಮೇಲೆ ಉಳಿಯುವುದು ಕೆಂಪು, ಹಳದಿ ಅಷ್ಟೇ. ಬಣ್ಣ ಕರಗದೆ ಸಣ್ಣ ಕಣಗಳಾಗಿಯೇ ಇರುವ ಪಿಗ್ಮೆಂಟ್ ಇಂಕ್ ಇಷ್ಟು ಬೇಗ ಮಾಸುವುದಿಲ್ಲ, ಸ್ವಲ್ಪ ದುಡ್ಡು ಜಾಸ್ತಿ. ಮೊದಲೇ ಹೇಳಿದ್ದರೆ ಕೊಡುತ್ತಿದ್ದೆವು, ಅಲ್ವಾ? ಈಗ ಹೊಸ ಪ್ರಿಂಟಿಗೆ ಡಿಸ್ಕೌಂಟ್ ಕೊಡುತ್ತಾರಂತೆ, ಅದೇ ಇಂಕಿನಲ್ಲಿ!