ಅರ್ಧಕ್ಕೇ ನಿಲ್ಲುವ ನಾಲಿವುಡ್ ಕಥೆಗಳು

ನಾಲಿವುಡ್, ಅಂದರೆ ನೈಜೀರಿಯಾದ ಸಿನಿಮಾ, ನನಗೆ ಪ್ರಾಣ. 1992ರ ‘ಲಿವಿಂಗ್ ಇನ್ ಬಾಂಡೇಜ್’ ಹಿಡಿಸಿದ ಹುಚ್ಚು ಇದು. ಇಗ್ಬೋ ಭಾಷೆಯ ಚಿತ್ರ, ಬಂದದ್ದು ವಿಡಿಯೊ ಕ್ಯಾಸೆಟ್‌ನಲ್ಲಿ. ದುಡ್ಡಿಗಾಗಿ ಹೆಂಡತಿಯನ್ನೇ ಬಲಿ ಕೊಟ್ಟ ಗಂಡನನ್ನು ಅವಳ ದೆವ್ವ ಕಾಡುತ್ತದೆ. ಆ ಭಯ ಇನ್ನೂ ಮರೆತಿಲ್ಲ.

ಆದರೆ ಕ್ಯಾಸೆಟ್ ಕಾಲದ ‘ಭಾಗ 1, ಭಾಗ 2’ ಚಾಳಿ ಮಾತ್ರ ಸಹಿಸಲು ಆಗುವುದಿಲ್ಲ. ಒಂದು ಸಿನಿಮಾದ ಕಥೆಯನ್ನು ಸುಮ್ನೆ ಎಳೆದು ಎರಡು ಮಾಡುತ್ತಾರೆ. ಅತ್ತೆ ಸೊಸೆಯ ಊಟಕ್ಕೆ ವಿಷ ಬೆರೆಸುತ್ತಾಳೆ, ಅಷ್ಟಕ್ಕೇ ಭಾಗ ಮುಗಿಯಿತು! ಮುಂದಿನದರಲ್ಲಿ ಕಾರು ಗೇಟಿನೊಳಗೆ ಬರುವುದು, ಜನ ಇಳಿಯುವುದು, ಇದೇ ಜಾಸ್ತಿ. ಕೊನೆಗೆ ಪಾಸ್ಟರ್ ಪ್ರಾರ್ಥಿಸಿದರೆ ಎಲ್ಲವೂ ಸರಿ. ಎಂಥ ಒಳ್ಳೆಯ ನಟರಿದ್ದಾರೆ! ಅವರ ಅಳು, ಸಿಟ್ಟು ಎಷ್ಟು ನಿಜ ಅನಿಸುತ್ತದೆ. ಅವರಿಗೆ ಕೂತು ಬರೆದ ಕಥೆ ಕೊಡಬೇಕು, ಅಲ್ವಾ?