ಸ್ಪಷ್ಟನೆ: ಇಕ್ಕೇರಿಯ ಮನೆಗಳು ಸರ್ಕಾರದ ಪಾಲಾಗುವುದಿಲ್ಲ

"ಅಘೋರೇಶ್ವರ ದೇವಸ್ಥಾನದ ಸುತ್ತ 300 ಮೀಟರ್ ಒಳಗಿನ ಮನೆಗಳೆಲ್ಲ ಸರ್ಕಾರದ್ದಾಗುತ್ತವೆ, ಒಂದು ಹೆಂಚು ಬದಲಿಸಿದರೂ ಜೈಲು" ಎಂಬ ಸಂದೇಶ ಸಾಗರದ ಕಡೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ತಪ್ಪು.

ಮನೆ ಯಾರ ಹೆಸರಿನಲ್ಲಿದೆಯೋ ಅವರದ್ದೇ.

ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಗಡಿಯಿಂದ ಅಂದೆ, ದೇವಸ್ಥಾನದ ಗೋಡೆಯಿಂದಲ್ಲ. ಅಳೆಯುವಾಗ ಬಹಳ ಜನ ಇಲ್ಲೇ ಎಡವುತ್ತಾರೆ. ಸಂದೇಶದಲ್ಲಿ ಎರಡೂ ಪ್ರದೇಶಗಳನ್ನು ಒಂದೇ ಮಾಡಿಬಿಟ್ಟಿದ್ದಾರೆ.

ನಿಷೇಧಿತ ಪ್ರದೇಶದಲ್ಲೂ 1992ರ ಜೂನ್ 16ಕ್ಕೆ ಮೊದಲಿದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ (ಇಂಥ ಅನುಮತಿ ಕೊಡಲೆಂದೇ ನೇಮಿಸಿದ ಅಧಿಕಾರಿಗೆ) ಅರ್ಜಿ ಹಾಕಬಹುದು. ಗೆದ್ದಲು ಹಿಡಿದ ಪಕಾಸು, ಮಂಗ ಹಾರಿ ಒಡೆದ ಹೆಂಚು, ಮಳೆ ಇರಚಲಿಗೆ ಕುಸಿದ ಜಗಲಿಯ ಗೋಡೆ, ಇವೆಲ್ಲ ದುರಸ್ತಿಯೇ. ಹೊಸ ಕೋಣೆ ಸೇರಿಸುವುದು, ಮಹಡಿ ಏರಿಸುವುದು ಮಾತ್ರ ಆಗದು. ನಿಯಂತ್ರಿತ ಪ್ರದೇಶದಲ್ಲಾದರೆ ಅನುಮತಿ ಪಡೆದು ಹೊಸ ಮನೆಯನ್ನೇ ಕಟ್ಟಬಹುದು.

ಅಣ್ಣತಮ್ಮಂದಿರು ಹಿಸ್ಸೆಯಾದಾಗ ಹಳೇ ಮನೆಗೆ ಒಂದು ಕೋಣೆ ಕೂಡಿಸಲಾಗದ ಸಂಕಟ ನಿಜವಾದದ್ದು. ಊರಿನವರು ಕೂತು ಚರ್ಚಿಸಬೇಕಾದದ್ದು ಅದನ್ನು. ದೇವಸ್ಥಾನವೂ ನಮ್ಮದೇ, ಮನೆಯೂ ನಮ್ಮದೇ.

ಜೈಲಿನ ಮಾತು ಅನ್ವಯಿಸುವುದು ನಿಷೇಧ ಮೀರಿ ಅಥವಾ ಅನುಮತಿಯಿಲ್ಲದೆ ಕಟ್ಟಿದವರಿಗೆ: 2 ವರ್ಷದವರೆಗೆ ಸಜೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿ ಆಗಬೇಕಿದ್ದವರು ಈಗಲೇ ಅರ್ಜಿ ಕೊಡಿ.